ಇಂಗ್ಲಿಷ್ ಮನೆಪಾಠ: ಮೆಟ್ಟಿಲಿಲ್ಲದ ವೃತ್ತಿ

ಕೆಂಗೇರಿ ಉಪನಗರದ ಅಡ್ಡರಸ್ತೆಗಳಲ್ಲಿ ‘ಸ್ಪೋಕನ್ ಇಂಗ್ಲಿಷ್ ಕಲಿಸಲಾಗುವುದು’ ಎಂಬ ಫಲಕಗಳು ನಮಗೆಲ್ಲ ಚಿರಪರಿಚಿತ. ಆ ಫಲಕದ ಹಿಂದಿರುವ ಬೋಧಕರ ಬಾಳಿನ ಲೆಕ್ಕವನ್ನು ವರ್ತಕರಾದ ನಾವು ಒಮ್ಮೆಯೂ ಹಾಕಿ ನೋಡಿದಂತಿಲ್ಲ.

ಜೂನ್‌ನಿಂದ ಮಾರ್ಚ್‌ವರೆಗೆ ಮಕ್ಕಳ ಶುಲ್ಕ ಬರುತ್ತದೆ. ಬೇಸಿಗೆ ರಜೆಯಲ್ಲಿ ಆದಾಯ ಬತ್ತುತ್ತದೆ. ಹತ್ತು ವರ್ಷ ಕಲಿಸಿದವರಿಗೂ ಬಡ್ತಿಯಿಲ್ಲ, ಭವಿಷ್ಯ ನಿಧಿಯಿಲ್ಲ, ಅನುಭವಕ್ಕೆ ಪ್ರಮಾಣಪತ್ರವಿಲ್ಲ. ಆದಕಾರಣ ಸಮರ್ಥರು ಬೇರೆ ಉದ್ಯೋಗವನ್ನು ಅರಸಿ ಹೋಗುತ್ತಾರೆ. ತರಬೇತಿಗೆ ಇಲ್ಲಿ ನೆಲೆಯಿಲ್ಲವೆಂದಲ್ಲ. 1963ರಲ್ಲಿ ಸ್ಥಾಪಿತವಾದ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಕೆಂಗೇರಿಗೆ ಸಮೀಪದ ಜ್ಞಾನಭಾರತಿ ಆವರಣದಲ್ಲಿಯೇ ಇದೆ. ಆದರೆ ಅದರ ಮುಖ್ಯ ಕಾರ್ಯ ಶಾಲಾ ಶಿಕ್ಷಕರ ತರಬೇತಿ. ಮನೆಪಾಠದವರು ಕಲಿತು ಬಂದರೂ ಆ ಕಲಿಕೆಗೆ ಹೆಚ್ಚಿನ ಬೆಲೆ ಕೊಡುವ ಗ್ರಾಹಕರಿಲ್ಲ.

ಆ ಗ್ರಾಹಕರು ನಾವೇ ಏಕಾಗಬಾರದು? ನಮ್ಮ ಕಾರ್ಖಾನೆಯ ಅನುಭವವೊಂದನ್ನು ಹೇಳುತ್ತೇನೆ. ಸರಕನ್ನು ಒಂದೇ ಕಂತಿನಲ್ಲಿ ಕಳುಹಿಸಬೇಕೆಂಬ ಷರತ್ತು ಖರೀದಿ ಆದೇಶದ ಇಂಗ್ಲಿಷಿನಲ್ಲಿತ್ತು. ನಮ್ಮ ಗುಮಾಸ್ತರು ಅದನ್ನು ತಪ್ಪಾಗಿ ಗ್ರಹಿಸಿ ಎರಡು ಕಂತುಗಳಲ್ಲಿ ಕಳುಹಿಸಿದರು. ಹಣ ತಿಂಗಳುಗಟ್ಟಲೆ ನಿಂತಿತು. ಗುಮಾಸ್ತರು ದಡ್ಡರಲ್ಲ, ಅವರಿಗೆ ವ್ಯವಹಾರದ ಇಂಗ್ಲಿಷನ್ನು ಯಾರೂ ಕಲಿಸಿರಲಿಲ್ಲ. ಆ ನಷ್ಟದ ಒಂದಂಶದಲ್ಲಿ ಒಬ್ಬ ಬೋಧಕರನ್ನು ಇಡೀ ಬೇಸಿಗೆಗೆ ನೇಮಿಸಬಹುದಾಗಿತ್ತು.

ಕುಂಬಳಗೋಡು, ರಾಜಾಜಿನಗರಗಳ ಸಣ್ಣ ಘಟಕಗಳು ನಾಲ್ಕೈದು ಸೇರಿ, ಏಪ್ರಿಲ್–ಮೇ ತಿಂಗಳುಗಳಲ್ಲಿ ಸಿಬ್ಬಂದಿಗೆ ಪಾಠ ಏರ್ಪಡಿಸಲಿ. ಪಠ್ಯಪುಸ್ತಕ ಬೇಡ, ನಮ್ಮದೇ ಬೆಲೆಪಟ್ಟಿ, ಖರೀದಿ ಆದೇಶ, ಇ-ಮೇಲ್‌ಗಳೇ ಪಾಠವಾಗಲಿ. ಕೆಲಸ ಮುಗಿದ ಮೇಲೆ ಬೋಧಕರಿಗೆ ಅನುಭವ ಪತ್ರ ನೀಡಲಿ. ಮನೆಪಾಠದಿಂದ ಸಂಸ್ಥೆಗಳ ತರಬೇತುದಾರರಾಗಿ ಬೆಳೆಯಲು ಅದೇ ಮೊದಲ ಮೆಟ್ಟಿಲು.

ಬೋಧಕರೂ ವ್ಯವಹಾರದ ಶಿಸ್ತನ್ನು ರೂಢಿಸಿಕೊಳ್ಳಬೇಕು. 2020ರ ಜುಲೈನಲ್ಲಿ ಜಾರಿಗೆ ಬಂದ ಉದ್ಯಮ್ ನೋಂದಣಿ ಸೇವಾ ಘಟಕಗಳಿಗೂ ಲಭ್ಯ. ಹಾಗೆ ನೋಂದಾಯಿಸಿಕೊಂಡ ಸೂಕ್ಷ್ಮ ಘಟಕಕ್ಕೆ, ಒಪ್ಪಂದವೇನೇ ಇರಲಿ, 45 ದಿನಗಳೊಳಗೆ ಹಣ ಪಾವತಿಸಬೇಕೆಂದು 2006ರ ಎಂ.ಎಸ್.ಎಂ.ಇ. ಅಭಿವೃದ್ಧಿ ಕಾಯ್ದೆ ವಿಧಿಸುತ್ತದೆ. ದೊಡ್ಡ ಖರೀದಿದಾರರಿಂದ ನಾವು ಕೇಳುವ ಈ ನ್ಯಾಯವನ್ನು ನಮಗಿಂತ ಸಣ್ಣವರಿಗೆ ನಾವೂ ಸಲ್ಲಿಸಬೇಕಲ್ಲವೆ?

ಇದು ಕನ್ನಡವನ್ನು ಬದಿಗಿಡುವ ಮಾತಲ್ಲ. ಕನ್ನಡದಲ್ಲಿ ವಿವರಿಸಿ ಇಂಗ್ಲಿಷ್ ಕಲಿಸಬಲ್ಲ ನೆರೆಹೊರೆಯ ಬೋಧಕರೇ ನಮ್ಮ ಕಾರ್ಮಿಕರಿಗೆ ಹೆಚ್ಚು ಉಪಯುಕ್ತರು. ಯಂತ್ರದ ನಿರ್ವಹಣೆಗೆ ವರ್ಷಾರಂಭದಲ್ಲೇ ಹಣ ತೆಗೆದಿಡುವ ನಾವು, ಸಿಬ್ಬಂದಿಯ ಭಾಷಾ ಶಿಕ್ಷಣಕ್ಕೂ ಒಂದು ಬಾಬ್ತು ತೆರೆಯುವುದು ಉಚಿತ. ಸದಸ್ಯ ಬಾಂಧವರು ಮುಂದಿನ ಬೇಸಿಗೆಗೆ ಮುನ್ನ ಈ ವಿಷಯವನ್ನು ಪರ್ಯಾಲೋಚಿಸಲೆಂದು ವಿನಂತಿ.