ಅಭಿವೃದ್ಧಿಯ ವರದಿ ಮತ್ತು ಭಾಷೆಯ ಸುಂಕ

ಬೆಂಗಳೂರಿನ ಮಾಗಡಿ ರಸ್ತೆಯಲ್ಲಿರುವ ಸುಂಕದಕಟ್ಟೆಯ ಹೆಸರು ಒಂದು ಹಳೆಯ ವ್ಯವಸ್ಥೆಯನ್ನು ನೆನಪಿಸುತ್ತದೆ. ಪೇಟೆಗೆ ಬರುವ ಸರಕು ನಿಂತು, ತೆರಬೇಕಾದುದನ್ನು ತೆತ್ತು, ಆಮೇಲೆ ಮುಂದೆ ಸಾಗುವ ಕಟ್ಟೆಯ ಚಿತ್ರ ಆ ಹೆಸರಿನಲ್ಲಿದೆ. ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ ಮೊದಲಾದ ಸುಂಕಗಳ ಹೆಸರು ಶಾಸನಗಳನ್ನು ಓದುವವರಿಗೆ ಹೊಸತಲ್ಲ. ಅದೇ ಶಾಸನಗಳಲ್ಲಿ 'ಅಭಿವೃದ್ಧಿ' ಎಂಬ ಮಾತೂ ಇದೆ. ಆದರೆ ಅಲ್ಲಿ ಅಭಿವೃದ್ಧಿ ಹೊಂದುವುದು ಅರಸನ ವಿಜಯರಾಜ್ಯ. ಅದು ಉತ್ತರೋತ್ತರವಾಗಿ, ಆಚಂದ್ರಾರ್ಕವಾಗಿ ಬೆಳೆಯುತ್ತಿರುತ್ತದೆ. ಸುಂಕ ತೆರುವವನ ಅಭಿವೃದ್ಧಿಯನ್ನು ಕುರಿತು ಶಾಸನದ ಕವಿ ಸಾಮಾನ್ಯವಾಗಿ ಮೌನಿ. ಇಪ್ಪತ್ತನೆಯ ಶತಮಾನದಲ್ಲಿ ಈ ಪದವನ್ನು ಯೋಜನಾ ಆಯೋಗದ ಭಾಷೆ ಎತ್ತಿಕೊಂಡಾಗಲೂ ಈ ಮೌನ ಪೂರ್ತಿಯಾಗಿ ಮುರಿಯಲಿಲ್ಲ. ಅದನ್ನು ಮುರಿಯುವ ಕೆಲಸ ಬಹುಮಟ್ಟಿಗೆ ಪತ್ರಿಕಾ ವರದಿಗಾರನ ಪಾಲಿಗೆ ಬಂದಿತು. ಅಂಥ ವರದಿಗೆ ಜಾಗತಿಕ ಮನ್ನಣೆ ದೊರೆಯುವಾಗ ಭಾಷೆಯ ಪಾತ್ರವೇನು, ಕನ್ನಡದ ವಿದ್ವತ್ ವಲಯ ಈ ಬರವಣಿಗೆಯನ್ನು ಹೇಗೆ ನೋಡಿದೆ ಎಂಬುದು ಪರಿಶೀಲಿಸಬೇಕಾದ ಪ್ರಶ್ನೆ.

ಯೂರೋಪಿಯನ್ ಆಯೋಗವು 1992ರಲ್ಲಿ ಲೊರೆಂಜೊ ನತಾಲಿ ಹೆಸರಿನಲ್ಲಿ ಒಂದು ಪತ್ರಿಕೋದ್ಯಮ ಪ್ರಶಸ್ತಿಯನ್ನು ಸ್ಥಾಪಿಸಿತು. ನತಾಲಿ ಇಟಲಿಯ ರಾಜಕಾರಣಿ. ಆಯೋಗದಲ್ಲಿ ಅಭಿವೃದ್ಧಿ ಸಹಕಾರದ ಹೊಣೆ ಹೊತ್ತಿದ್ದವರು. ಬಡತನ, ಮಾನವ ಹಕ್ಕು, ಅಸಮಾನತೆಗಳನ್ನು ಕುರಿತ ವರದಿಗಳಿಗೆ ಈ ಪ್ರಶಸ್ತಿ ಸಲ್ಲುತ್ತದೆ. 1995ರಲ್ಲಿ ಇದು ಪಿ. ಸಾಯಿನಾಥರಿಗೆ ಬಂದಿತು. 'ಬ್ಲಿಟ್ಜ್' ವಾರಪತ್ರಿಕೆಯ ಉನ್ನತ ಹುದ್ದೆಯನ್ನು ಬಿಟ್ಟು, ಒಂದು ಫೆಲೋಶಿಪ್ಪಿನ ನೆರವಿನಿಂದ ಅವರು ದೇಶದ ಅತ್ಯಂತ ಬಡ ಜಿಲ್ಲೆಗಳಲ್ಲಿ ತಿರುಗಿದರು. ಕಾಳಾಹಂಡಿ, ಪಲಾಮು, ರಾಮನಾಡುಗಳಿಂದ ಬಂದ ಆ ವರದಿಗಳು 'ಟೈಮ್ಸ್ ಆಫ್ ಇಂಡಿಯಾ'ದಲ್ಲಿ ಪ್ರಕಟವಾಗಿ 1996ರಲ್ಲಿ ಪುಸ್ತಕರೂಪ ಪಡೆದವು. ಜಿ.ಎನ್. ಮೋಹನ್ ಅದನ್ನು 'ಬರ ಅಂದ್ರೆ ಎಲ್ಲರಿಗೂ ಇಷ್ಟ' ಎಂಬ ಹೆಸರಿನಲ್ಲಿ ಕನ್ನಡಕ್ಕೆ ತಂದರು. 2007ರಲ್ಲಿ ಸಾಯಿನಾಥರಿಗೆ ಮ್ಯಾಗ್ಸೆಸೆ ಪ್ರಶಸ್ತಿಯೂ ಸಂದಿತು. 2009ರಲ್ಲಿ ಪದ್ಮಭೂಷಣವನ್ನು ಅವರು ನಿರಾಕರಿಸಿದರು. ತಾನು ವರದಿ ಮಾಡುವ ಸರಕಾರದಿಂದಲೇ ಪತ್ರಕರ್ತ ಪ್ರಶಸ್ತಿ ಪಡೆಯಬಾರದು ಎಂಬುದು ಅವರ ನಿಲುವು. (ರಾಜ್ಯೋತ್ಸವ ಪ್ರಶಸ್ತಿಯ ಪಟ್ಟಿಗಾಗಿ ಅಕ್ಟೋಬರ್ ತಿಂಗಳಿಡೀ ಕಾತರಿಸುವ ನಾಡಿನಲ್ಲಿ ಈ ನಿಲುವಿಗೆ ಸಿಗಬೇಕಾದಷ್ಟು ಚರ್ಚೆ ಸಿಕ್ಕಿಲ್ಲ.)

ಸಾಯಿನಾಥರ ಸಾಧನೆಯ ಬಗ್ಗೆ ಎರಡು ಮಾತಿಲ್ಲ. ಆದರೆ ಅವರ ವರದಿಗಳು ಸಾಗಿದ ದಾರಿಯನ್ನು ಗಮನಿಸಬೇಕು. ಒಡಿಯಾ, ಹಿಂದಿ, ತಮಿಳು ಮತ್ತು ಬುಡಕಟ್ಟು ಭಾಷೆಗಳಲ್ಲಿ ಜನ ಆಡಿದ ನೋವಿನ ಮಾತು ಇಂಗ್ಲಿಷಿನಲ್ಲಿ ದಾಖಲಾಯಿತು. ಇಂಗ್ಲಿಷಿನ ಮೂಲಕ ಯೂರೋಪಿಗೆ ಹೋಯಿತು. ಅಲ್ಲಿ ಮನ್ನಣೆ ಪಡೆದ ಮೇಲೆ ಅನುವಾದವಾಗಿ ಕನ್ನಡಕ್ಕೆ ಬಂತು. ಈ ದಾರಿಯ ನಡುವೆ ಒಂದು ಕಟ್ಟೆಯಿದೆ. ಅಲ್ಲಿ ಸುಂಕವನ್ನು ಇಂಗ್ಲಿಷಿನಲ್ಲಿ ತೆರಬೇಕು. ತೆರಲಾಗದ ಸರಕು ಹೊರಗಿನವರಿಗೆ ಕಾಣದೆ ಕಟ್ಟೆಯ ಈಚೆಗೇ ಉಳಿಯುತ್ತದೆ. 2019ರಲ್ಲಿ ಹಿಂದಿಯ ರವೀಶ್ ಕುಮಾರರಿಗೆ ಮ್ಯಾಗ್ಸೆಸೆ ಬಂದುದನ್ನು ಈ ವಾದಕ್ಕೆ ಅಪವಾದವಾಗಿ ತೋರಿಸಬಹುದು. ದಿಲ್ಲಿಯ ದೂರದರ್ಶನ ವಾಹಿನಿಯೊಂದರ ಹಿಂದಿಗೂ ಪುತ್ತೂರಿನ ಮಾಸಪತ್ರಿಕೆಯ ಕನ್ನಡಕ್ಕೂ ಇರುವ ಅಂತರವನ್ನು ಮರೆತರೆ ಮಾತ್ರ ಆ ಅಪವಾದ ನಿಲ್ಲುತ್ತದೆ.

ಪುತ್ತೂರಿನ ಪ್ರಸ್ತಾಪ ಸುಮ್ಮನೆ ಬಂದುದಲ್ಲ. ಕನ್ನಡದಲ್ಲಿ ಅಭಿವೃದ್ಧಿ ವರದಿಗಾರಿಕೆಯ ಅತ್ಯಂತ ಗಂಭೀರ ಅಧ್ಯಾಯವೊಂದು ನಡೆದದ್ದು ಆ ಸೀಮೆಯಲ್ಲಿ, ಅದರಲ್ಲೂ ಗಡಿಯಾಚೆಯ ಕಾಸರಗೋಡಿನ ಎಣ್ಮಕಜೆ ಪಂಚಾಯತಿನ ಪಡ್ರೆ ಗ್ರಾಮದಲ್ಲಿ. 1970ರ ದಶಕದ ಕೊನೆಯಿಂದ 2000ದವರೆಗೆ ಕೇರಳದ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಲಾಯಿತು. ಸಿಂಪಡಣೆ ಆರಂಭವಾದ ಕೆಲವೇ ವರ್ಷಗಳಲ್ಲಿ ಅಂಗವಿಕಲ ಕರುಗಳು ಹುಟ್ಟುತ್ತಿದ್ದುದನ್ನು ಗಮನಿಸಿ ಬರೆದವರು ಅದೇ ಊರಿನ ಕೃಷಿಕ-ಪತ್ರಕರ್ತ ಶ್ರೀ ಪಡ್ರೆ. ಊರಿನ ವೈದ್ಯ ಡಾ. ವೈ.ಎಸ್. ಮೋಹನಕುಮಾರ್ ತಮ್ಮ ರೋಗಿಗಳಲ್ಲಿ ಕಂಡ ಅಸಹಜತೆಗಳನ್ನು ಗುರುತಿಸುತ್ತ ಹೋದರು. ದಿಲ್ಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದ ಪರೀಕ್ಷೆಯ ಫಲಿತಾಂಶ ಇಂಗ್ಲಿಷಿನಲ್ಲಿ ಪ್ರಕಟವಾದದ್ದು 2001ರಲ್ಲಿ. ಆ ಬಳಿಕವೇ ಪಡ್ರೆ ಜಗತ್ತಿನ ಭೂಪಟದಲ್ಲಿ ಮೂಡಿತು. ಸ್ಟಾಕ್‌ಹೋಮ್ ಒಪ್ಪಂದದ ನಿಷೇಧಪಟ್ಟಿಗೆ ಎಂಡೋಸಲ್ಫಾನ್ ಸೇರಿದ್ದು 2011ರ ಏಪ್ರಿಲ್‌ನಲ್ಲಿ. ಸುಪ್ರೀಂ ಕೋರ್ಟು ತಡೆ ನೀಡಿದ್ದು ಅದೇ ವರ್ಷ ಮೇ ತಿಂಗಳಲ್ಲಿ. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂಬ ಆದೇಶ ಬಂದಾಗ 2017 ಆಗಿತ್ತು. ಮೊದಲ ಕನ್ನಡದ ಕಣ್ಣಿಗೂ ಕೊನೆಯ ಇಂಗ್ಲಿಷ್ ಆದೇಶಕ್ಕೂ ನಡುವೆ ಒಂದು ತಲೆಮಾರು ಕಳೆದಿತ್ತು. ಆ ತಲೆಮಾರಿನ ಮಕ್ಕಳ ಮೈಮೇಲೆ ಆ ವಿಳಂಬದ ಗುರುತಿದೆ. ಭಾಷೆಯ ಸುಂಕವೆಂಬುದು ಇಲ್ಲಿ ಬರಿಯ ರೂಪಕವಲ್ಲ.

ಕನ್ನಡ ವಿದ್ಯಾರ್ಥಿಗೆ ಈ ಪ್ರಕರಣದಲ್ಲಿ ಇನ್ನೊಂದು ಎಳೆಯೂ ಸಿಗುತ್ತದೆ. ದಕ್ಷಿಣ ಕನ್ನಡ, ಕಾಸರಗೋಡು ಭಾಗದಲ್ಲಿ ಬೆಳೆಗೆ ಔಷಧಿ ಸಿಂಪಡಿಸುವುದಕ್ಕೆ 'ಮದ್ದು ಬಿಡುವುದು' ಎನ್ನುತ್ತಾರೆ. ಮದ್ದು ಎಂದರೆ ಕಾಯಿಲೆ ಕಳೆಯುವ ಔಷಧ. ಜನಪದ ನಂಬಿಕೆಯಲ್ಲಿ ಒಬ್ಬರ ಊಟಕ್ಕೆ ಇನ್ನೊಬ್ಬರು ಗುಟ್ಟಾಗಿ ಬೆರೆಸುವ ವಿಷವೂ ಮದ್ದೇ. ಮದ್ದು ಬಿಡುತ್ತಾರೆ ಎಂದು ಕೇಳಿದ ತಾಯಿ ಬಾವಿಯ ಬಾಯಿ ಮುಚ್ಚಬೇಕೆಂದು ಯೋಚಿಸದೆ ಇರಲು ಆ ಪದದ ಮೊದಲ ಅರ್ಥ ಕಾರಣವಾಗಿರಬಹುದು. ವರ್ಷಗಳ ಬಳಿಕ ಅದೇ ಪದ ಎರಡನೆಯ ಅರ್ಥದಲ್ಲಿ ಮರಳಿತು. 'ಕೀಟನಾಶಕ' ಎಂಬ ಗ್ರಂಥಭಾಷೆಯ ಪದದಲ್ಲಾಗಲಿ ಅದರ ಇಂಗ್ಲಿಷ್ ಮೂಲದಲ್ಲಾಗಲಿ ಈ ಇಬ್ಬಗೆ ಇಲ್ಲ. ಪೀಡಿತ ಪ್ರದೇಶದಲ್ಲಿ 'ಸ್ವರ್ಗ' ಎಂಬ ಹೆಸರಿನ ಊರೊಂದು ಇರುವುದನ್ನು ಇಂಗ್ಲಿಷ್ ವರದಿಗಾರರು ಬೇಗ ಗುರುತಿಸಿದರು. ಅದು ಸುಲಭವಾಗಿ ಅನುವಾದಗೊಳ್ಳುವ ವ್ಯಂಗ್ಯ. 'ಮದ್ದು' ಅಷ್ಟು ಸುಲಭವಾಗಿ ಗಡಿ ದಾಟುವುದಿಲ್ಲ. ತುಳು ಮನೆಮಾತು, ಕನ್ನಡ ಶಾಲೆಯ ಮಾತು, ಮಲಯಾಳ ಕಚೇರಿಯ ಮಾತು ಆಗಿರುವ ಊರಿನಲ್ಲಿ ದೂರು ಅರ್ಜಿ ಯಾವ ಭಾಷೆಯಲ್ಲಿ ಬರೆಯಲ್ಪಟ್ಟಿತು, ಯಾವ ಭಾಷೆಯಲ್ಲಿ ತಿರಸ್ಕೃತವಾಯಿತು ಎಂಬುದೇ ಒಂದು ಸಂಶೋಧನ ಪ್ರಬಂಧಕ್ಕೆ ಸಾಲುವ ವಸ್ತು.

ಮಲಯಾಳದಲ್ಲಿ ಅಂಬಿಕಾಸುತನ್ ಮಾಂಗಾಡ್ ಈ ದುರಂತವನ್ನು ಕುರಿತು 2009ರಲ್ಲಿ ಕಾದಂಬರಿ ಬರೆದರು. ಅದರ ಹೆಸರೇ 'ಎಣ್ಮಕಜೆ'. ಜೆ. ದೇವಿಕಾ ಅದನ್ನು 'ಸ್ವರ್ಗ' ಎಂಬ ಹೆಸರಿನಲ್ಲಿ 2017ರಲ್ಲಿ ಇಂಗ್ಲಿಷಿಗೆ ಅನುವಾದಿಸಿದರು. ಪರಿಸರ ವಿಮರ್ಶೆಯ ಸೆಮಿನಾರುಗಳಲ್ಲಿ ಕಾದಂಬರಿಗೆ ಸ್ಥಾನವಿದೆ. ಕಾದಂಬರಿಗಿಂತ ದಶಕಗಳ ಮೊದಲು ಬಂದ ವರದಿಗೆ ಇಲ್ಲ. ಕಲ್ಪನೆಯ ಸುತ್ತು ಹಾಕಿ ಬಂದರೆ ಮಾತ್ರ ಬರಹವೊಂದು ಸಾಹಿತ್ಯ ವಿಭಾಗದ ಬಾಗಿಲು ತಟ್ಟಬಹುದು ಎಂಬ ಅಲಿಖಿತ ನಿಯಮ ಇದರ ಹಿಂದಿದೆ. ಬ್ರಸೆಲ್ಸ್‌ನ ತೀರ್ಪುಗಾರರಿಗೆ ಕನ್ನಡ ಬಾರದು. ಅವರನ್ನು ದೂರಿ ಪ್ರಯೋಜನವಿಲ್ಲ. ಕನ್ನಡ ಬಲ್ಲ ವಿಭಾಗಗಳ ಅಸಡ್ಡೆಗೆ ಆ ನೆಪವೂ ಇಲ್ಲ.

ಪ್ರಶಸ್ತಿಗಳ ರಚನೆಯಲ್ಲಿ ಇನ್ನೊಂದು ತೊಡಕಿದೆ. ಇಂಥ ಬಹುಮಾನಗಳು ಸಾಮಾನ್ಯವಾಗಿ ಒಂದು ವರದಿಯನ್ನೋ ಒಂದು ವರದಿಮಾಲೆಯನ್ನೋ ಎತ್ತಿ ನೋಡುತ್ತವೆ. 'ಕೃಷಿಕರ ಕೈಗೆ ಲೇಖನಿ' ಎಂಬ ಧ್ಯೇಯದಿಂದ 1988ರಲ್ಲಿ ಪುತ್ತೂರಿನಿಂದ ಹೊರಟ 'ಅಡಿಕೆ ಪತ್ರಿಕೆ'ಯನ್ನು ಈ ಅಳತೆಗೋಲಿನಿಂದ ಅಳೆಯಲಾಗದು. ಅಲ್ಲಿ ತಿಂಗಳು ತಿಂಗಳೂ ಬರುವುದು ಮಳೆನೀರಿನ ಇಂಗುಗುಂಡಿ, ಹಲಸಿನ ಮೌಲ್ಯವರ್ಧನೆ, ಅಡಿಕೆ ಮರ ಏರುವ ಕಾರ್ಮಿಕರ ಅಭಾವ. ಒಂದೊಂದು ಬರಹವೂ ಸಣ್ಣದು, ಬಹಳಷ್ಟು ಸಲ ಬರೆದವನು ವೃತ್ತಿಯಿಂದ ಕೃಷಿಕ. ಮೂರು ದಶಕಗಳ ಸಂಚಿಕೆಗಳನ್ನು ಒಟ್ಟಿಗೆ ಇಟ್ಟು ಓದಿದಾಗ ಮಾತ್ರ ಕರಾವಳಿ-ಮಲೆನಾಡಿನ ಕೃಷಿ ಬದುಕಿನ ಚರಿತ್ರೆ ಎದ್ದು ನಿಲ್ಲುತ್ತದೆ. ಬಿಡಿ ಮುಕ್ತಕವೊಂದನ್ನು ಆರಿಸಿ ಇಡೀ ಪರಂಪರೆಯ ಬೆಲೆ ಕಟ್ಟಲು ಒಪ್ಪದ ಕಾವ್ಯಮೀಮಾಂಸೆ ವರದಿಯ ವಿಷಯದಲ್ಲಿ ಮಾತ್ರ ಏಕೆ ತೆಪ್ಪಗಿದೆ?

ಮ್ಯಾಗ್ಸೆಸೆ ಪ್ರತಿಷ್ಠಾನ ತನ್ನ ಪ್ರಶಸ್ತಿಗಳನ್ನು ವಿಭಾಗಿಸುತ್ತಿದ್ದ ಕಾಲದಲ್ಲಿ ಪತ್ರಿಕೋದ್ಯಮ, ಸಾಹಿತ್ಯ ಮತ್ತು ಸೃಜನಶೀಲ ಸಂವಹನ ಕಲೆಗಳನ್ನು ಒಂದೇ ವಿಭಾಗದಲ್ಲಿ ಇಟ್ಟಿತ್ತು. ಮೈಸೂರಿನ ಆರ್.ಕೆ. ಲಕ್ಷ್ಮಣ್ 1984ರಲ್ಲಿ, ಹೆಗ್ಗೋಡಿನ ಕೆ.ವಿ. ಸುಬ್ಬಣ್ಣ 1991ರಲ್ಲಿ, ಸಾಯಿನಾಥ್ 2007ರಲ್ಲಿ ಪುರಸ್ಕೃತರಾದದ್ದು ಇದೇ ವಿಭಾಗದಲ್ಲಿ. ವ್ಯಂಗ್ಯಚಿತ್ರ, ನೀನಾಸಮ್ಮಿನ ರಂಗಭೂಮಿ, ಬರದ ವರದಿ ಮೂರೂ ಒಂದೇ ಚಾವಡಿಯಲ್ಲಿ ಕೂತವು. ಕನ್ನಡ ಎಂ.ಎ. ಪಠ್ಯಕ್ರಮದಲ್ಲಿ ಪತ್ರಿಕೋದ್ಯಮ ಇದ್ದರೆ ಐಚ್ಛಿಕ ಪತ್ರಿಕೆಯಾಗಿ ಇರುತ್ತದೆ. ಅಲ್ಲೂ ಕಲಿಸುವುದು ಮಂಗಳೂರ ಸಮಾಚಾರದಿಂದ ಆರಂಭವಾಗುವ ಪತ್ರಿಕೆಗಳ ವಂಶಾವಳಿಯನ್ನು. ವರದಿಯ ಗದ್ಯವನ್ನು ಗದ್ಯವಾಗಿ ಓದುವ ಕ್ರಮ ಇನ್ನೂ ಬೆಳೆದಿಲ್ಲ.

2025ರಲ್ಲಿ ಬಾನು ಮುಷ್ತಾಕರ ಕತೆಗಳ ಸಂಕಲನಕ್ಕೆ ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದದ ಮೂಲಕ ಅಂತಾರಾಷ್ಟ್ರೀಯ ಬೂಕರ್ ಸಂದಾಗ ಕನ್ನಡದ ವಿಭಾಗಗಳೆಲ್ಲ ಅಭಿನಂದನಾ ಸಭೆ ನಡೆಸಿದವು. ಬಹುಮಾನದ ಹಣವನ್ನು ಲೇಖಕಿ ಮತ್ತು ಅನುವಾದಕಿಗೆ ಸಮವಾಗಿ ಹಂಚುವ ಆ ಪ್ರಶಸ್ತಿ, ಸುಂಕ ತೆತ್ತವರು ಯಾರು ಎಂಬುದನ್ನಾದರೂ ಬಹಿರಂಗವಾಗಿ ಒಪ್ಪಿಕೊಳ್ಳುತ್ತದೆ. ಅಭಿನಂದನೆಯ ಭಾಷಣಗಳಲ್ಲಿ ಬಾನು ಅವರು 1980ರ ದಶಕದಲ್ಲಿ 'ಲಂಕೇಶ್ ಪತ್ರಿಕೆ'ಯ ವರದಿಗಾರ್ತಿಯಾಗಿದ್ದರು ಎಂಬ ಸಂಗತಿ ಜೀವನಚರಿತ್ರೆಯ ಒಂದು ಸಾಲಾಗಿ ಬಂದುಹೋಗುತ್ತದೆ. ಹಾಸನದ ಬೀದಿಗಳಿಂದ ಅವರು ಕಳಿಸಿದ ವರದಿಗಳಿಗೂ ಅವರ ಕತೆಗಳ ನಿರೂಪಣೆಗೂ ಇರಬಹುದಾದ ನಂಟನ್ನು ಹುಡುಕಲು ಆ ವರದಿಗಳು ಮೊದಲು ಒಂದೆಡೆ ಸಿಗಬೇಕು. 'ಒಂದು ಅಧ್ಯಯನ' ಎಂದು ಮುಗಿಯುವ ಶೀರ್ಷಿಕೆಗಳ ಅಡಿಯಲ್ಲಿ ಒಬ್ಬನೇ ಕಾದಂಬರಿಕಾರನ ಮೇಲೆ ಹಲವು ಪಿಎಚ್.ಡಿ.ಗಳು ನಡೆಯುವ ಕಡೆ, ಒಂದು ಪತ್ರಿಕೆಯ ಹತ್ತು ವರ್ಷಗಳ ಗ್ರಾಮೀಣ ವರದಿಗಳ ವಿಷಯಸೂಚಿ ತಯಾರಿಸುವುದು ಸಂಶೋಧನೆಯೇ ಅಲ್ಲವೆಂಬ ಭಾವನೆ ಬೇರೂರಿದೆ. ಶಾಸನಗಳ ಸೂಚಿ, ಹಸ್ತಪ್ರತಿಗಳ ಸೂಚಿ ತಯಾರಿಸಿದ ಹಿರಿಯರ ಪರಂಪರೆಗೆ ಇದು ಒಪ್ಪುವ ಮಾತಲ್ಲ. ತಾಳೆಗರಿಗಿಂತ ಸುದ್ದಿ ಕಾಗದ ಬೇಗ ಪುಡಿಯಾಗುತ್ತದೆ.

ಮತ್ತೆ ಸುಂಕದಕಟ್ಟೆಗೆ ಬರಬಹುದು. ಸುಂಕದಕಟ್ಟೆ, ಹೆಗ್ಗನಹಳ್ಳಿ, ಲಗ್ಗೆರೆಗಳ ಸಾಲುಮನೆಗಳಿಂದ ಬೆಳಗಾಗುತ್ತಲೇ ಪೀಣ್ಯದ ಕಡೆಗೆ ಹೊರಡುವ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಬೆಂಗಳೂರಿನ ಅಭಿವೃದ್ಧಿಗೆ ಸುಂಕ ತೆರುವವರಲ್ಲಿ ಮೊದಲಿಗರು. 2016ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರ ಪಿ.ಎಫ್. ನಿಯಮ ಬದಲಿಸಿ, ಮಾಲಿಕರ ಪಾಲಿನ ಹಣವನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದಿತು. ಮಕ್ಕಳ ಫೀಜು, ಸಾಲ, ಮದುವೆಗಳಿಗೆ ಆ ದುಡ್ಡನ್ನೇ ನೆಚ್ಚಿದ್ದವರು ಏಪ್ರಿಲ್ 18, 19ರಂದು ದೊಡ್ಡ ಸಂಘಟನೆಯೊಂದರ ಕರೆಗೆ ಕಾಯದೆ ಹೊಸೂರು ರಸ್ತೆ, ಮೈಸೂರು ರಸ್ತೆ, ತುಮಕೂರು ರಸ್ತೆಗಳಿಗೆ ಇಳಿದರು. ಎರಡನೆಯ ದಿನವೇ ಸರಕಾರ ಆದೇಶವನ್ನು ಹಿಂತೆಗೆದುಕೊಂಡಿತು. ದೇಶದ ಕಾರ್ಮಿಕ ಚರಿತ್ರೆಯಲ್ಲೇ ಅಪರೂಪವಾದ ಆ ಎರಡು ದಿನಗಳ ಬಗ್ಗೆ ಇಂಗ್ಲಿಷಿನಲ್ಲಿ ಸಮಾಜವಿಜ್ಞಾನದ ಲೇಖನಗಳು ಬಂದಿವೆ. ಸಾಲುಮನೆಗಳಿಂದ ರಸ್ತೆಗೆ ಬಂದ ಹೆಂಗಸರು ಮಂಡ್ಯ, ಕನಕಪುರ, ಮಾಗಡಿಗಳ ಕನ್ನಡದಲ್ಲಿ ಏನು ಕೂಗಿದರು, ನಿಯಮ ಬದಲಾದ ಸುದ್ದಿ ಲೈನಿನಿಂದ ಲೈನಿಗೆ ಯಾವ ಮಾತಿನಲ್ಲಿ ಹರಡಿತು, ಮರುದಿನದ ಕನ್ನಡ ದಿನಪತ್ರಿಕೆಗಳ ಯಾವ ಪುಟದಲ್ಲಿ ಎಷ್ಟು ಮಾತು ಉಳಿಯಿತು ಎಂಬುದನ್ನು ದಾಖಲಿಸುವುದು ಭಾಷಾ ವಿಭಾಗದ ಕೆಲಸ. ಅಂದು ರಸ್ತೆಯಲ್ಲಿದ್ದ ಎಷ್ಟೋ ಮಂದಿ ಈಗಲೂ ಅದೇ ಓಣಿಗಳಲ್ಲಿದ್ದಾರೆ. ಜ್ಞಾನಭಾರತಿಯ ಆವರಣದಿಂದ ಸುಂಕದಕಟ್ಟೆಗೆ ಒಂದು ಬಸ್ಸಿನ ದೂರ.