ಕಪ್ಪಾಗುವ ಕತ್ತು, ಹಸಿರಾಗುವ ಬೆರಳು: ದೋಷ ಮೈಯದ್ದೋ, ಲೋಹದ್ದೋ?

ಹಾಸನ ತಾಲ್ಲೂಕಿನ ದುದ್ದ ಹೋಬಳಿಯ ಹಳ್ಳಿಗಳಿರಲಿ, ಬೆಂಗಳೂರಿನ ಬಡಾವಣೆಗಳಿರಲಿ, ಉಂಗುರ ತೊಟ್ಟ ಬೆರಳು ಹಸಿರಾದರೆ ಅಥವಾ ಸರದ ಗುರುತು ಕತ್ತಿನ ಮೇಲೆ ಕಪ್ಪಗೆ ಮೂಡಿದರೆ ಹಿರಿಯರು ಆಡುವ ಮಾತು ಒಂದೇ: ಉಷ್ಣದ ಮೈ, ಒಡವೆ ಆಗಿಬರುವುದಿಲ್ಲ. ಲೋಹದ ದೋಷವನ್ನು ತೊಟ್ಟವಳ ಮೈಗೆ ಅಂಟಿಸುವ ಈ ನಂಬಿಕೆಯಿಂದ ಲಾಭವಾಗುವುದು ಮಾರಿದವನಿಗೆ ಮಾತ್ರ.

ವಾಸ್ತವದಲ್ಲಿ ಶುದ್ಧ ಚಿನ್ನ ಬೆವರಿನೊಂದಿಗೆ ವರ್ತಿಸುವುದೇ ಇಲ್ಲ. ಆದರೆ ಅದು ಮೆದು. ಆಭರಣವಾಗಬೇಕಾದರೆ ಬೇರೆ ಲೋಹ ಬೆರೆಯಲೇಬೇಕು. 22 ಕ್ಯಾರೆಟ್ ಒಡವೆಯಲ್ಲಿ ಶೇ 91.6ರಷ್ಟು ಚಿನ್ನವಿದ್ದು, ಉಳಿದದ್ದು ಸಾಮಾನ್ಯವಾಗಿ ತಾಮ್ರ, ಬೆಳ್ಳಿ, ಸತುವು. ಬೆವರಿನ ಉಪ್ಪು ಮತ್ತು ಆಮ್ಲ ತಾಮ್ರಕ್ಕೆ ತಗುಲಿದಾಗ ಹಸಿರು ಲವಣಗಳು ಹುಟ್ಟುತ್ತವೆ. ಬೆಳ್ಳಿಯು ಗಂಧಕದೊಂದಿಗೆ ಸೇರಿ ಕಪ್ಪಾಗುತ್ತದೆ. ಮುಖಕ್ಕೆ, ಕತ್ತಿಗೆ ಹಚ್ಚುವ ಪೌಡರಿನ ಗಡಸು ಕಣಗಳು ಒಡವೆಯನ್ನು ಉಜ್ಜಿದಾಗ ಉದುರುವ ಲೋಹದ ಹುಡಿಯೂ ಕಪ್ಪಾಗಿಯೇ ಕಾಣುತ್ತದೆ. ಬಿಸಿಲಿನಲ್ಲಿ ಆಲೂಗೆಡ್ಡೆ ಹೊಲದಲ್ಲಿ ದುಡಿಯುವವಳಿಗೆ ಕಲೆ ಹೆಚ್ಚು, ನೆರಳಿನಲ್ಲಿ ಕುಳಿತವಳಿಗೆ ಕಡಿಮೆ ಎಂದಾದರೆ ಅದಕ್ಕೆ ಬೆವರು ಕಾರಣವೇ ಹೊರತು ‘ಉಷ್ಣ’ವಲ್ಲ.

ಈ ಕಲೆ ಈಗ ಮನೆಮಾತಾಗಲು ಬೆಲೆಯೇ ಕಾರಣ. 2025ರ ಏಪ್ರಿಲ್‌ನಲ್ಲಿ 10 ಗ್ರಾಂ ಚಿನ್ನದ ದರ ಒಂದು ಲಕ್ಷ ರೂಪಾಯಿ ಮುಟ್ಟಿತು. ಅದೇ ವರ್ಷದ ಜುಲೈನಲ್ಲಿ 9 ಕ್ಯಾರೆಟ್ ಚಿನ್ನಕ್ಕೂ ಹಾಲ್‌ಮಾರ್ಕ್ ಮಾನ್ಯತೆ ದೊರೆಯಿತು. ಅದರಲ್ಲಿ ಚಿನ್ನ ಶೇ 37.5 ಮಾತ್ರ. ಅಷ್ಟೂ ಕೈಗೆಟುಕದವರು ‘ಒಂದು ಗ್ರಾಂ ಚಿನ್ನ’ದ ಮೊರೆ ಹೋಗುತ್ತಾರೆ. ಹೆಸರೇನೇ ಇರಲಿ, ಅದು ತಾಮ್ರ ಅಥವಾ ಹಿತ್ತಾಳೆಯ ಮೇಲೆ ಬಳಿದ ತೆಳು ಲೇಪ. ಲೇಪ ಸವೆದ ದಿನ ಒಳಗಿನ ಲೋಹ ಹೊರಬರುತ್ತದೆ.

ಕಾನೂನು ಏನು ಮಾಡುತ್ತಿದೆ? 2021ರ ಜೂನ್‌ನಿಂದ ಹಂತಹಂತವಾಗಿ ಹಾಲ್‌ಮಾರ್ಕ್ ಕಡ್ಡಾಯವಾಯಿತು. 2023ರ ಏಪ್ರಿಲ್ 1ರಿಂದ ಆರು ಅಕ್ಷರ-ಅಂಕಿಗಳ ಗುರುತೂ ಬೇಕು. ಆದರೆ ಎರಡು ಗ್ರಾಂಗಿಂತ ಹಗುರವಾದ ಒಡವೆಗೆ ವಿನಾಯಿತಿಯಿದೆ. ಮೂಗುತಿ, ಮಗುವಿನ ಕಿವಿಯೋಲೆಗಳೆಲ್ಲ ಬಹುಪಾಲು ಈ ತೂಕದವೇ. ಅಂದರೆ ಚರ್ಮವನ್ನು ತೂರಿ ನಿಲ್ಲುವ ಒಡವೆಗೇ ಪರೀಕ್ಷೆಯಿಲ್ಲ! ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ಮೀರದ ಅಂಗಡಿಗೂ ವಿನಾಯಿತಿ ಕೊಡಲಾಗಿತ್ತು. ಹೋಬಳಿ ಮಟ್ಟದ ಗ್ರಾಹಕ ಹೆಚ್ಚಾಗಿ ಎದುರಾಗುವುದು ಇಂಥ ಸಣ್ಣ ಅಂಗಡಿಯನ್ನೇ. ಇದಲ್ಲದೆ ಹಾಲ್‌ಮಾರ್ಕ್ ಹೇಳುವುದು ಚಿನ್ನದ ಪ್ರಮಾಣವನ್ನಷ್ಟೇ, ಉಳಿದ ಲೋಹ ಯಾವುದೆಂದಲ್ಲ.

ಆ ಉಳಿದ ಲೋಹ ನಿಕ್ಕಲ್ ಆಗಿದ್ದರೆ ವಿಷಯ ಗಂಭೀರ. ಹಸಿರು ಕಲೆ ಸೋಪಿನಿಂದ ಹೋಗುತ್ತದೆ. ನಿಕ್ಕಲ್ ಅಲರ್ಜಿ ಒಮ್ಮೆ ಬಂದರೆ ಸಾಮಾನ್ಯವಾಗಿ ಜೀವನಪರ್ಯಂತ ಉಳಿಯುತ್ತದೆ. ತುರಿಕೆ, ಕೆಂಪು, ನೀರು ಒಸರುವುದು ತೊಟ್ಟ ಒಂದೆರಡು ದಿನಗಳ ಬಳಿಕ ಕಾಣಿಸಿಕೊಳ್ಳುವುದರಿಂದ ಕಾರಣವೇ ಹೊಳೆಯದಿರಬಹುದು. ಐರೋಪ್ಯ ಒಕ್ಕೂಟ 1994ರಲ್ಲಿಯೇ ಆಭರಣದ ನಿಕ್ಕಲ್‌ಗೆ ಮಿತಿ ವಿಧಿಸಿತು. ಈಗ ಅಲ್ಲಿ ಚುಚ್ಚಿಸಿಕೊಂಡು ತೊಡುವ ಒಡವೆಗೆ ವಾರಕ್ಕೆ ಚದರ ಸೆಂಟಿಮೀಟರಿಗೆ 0.2 ಮೈಕ್ರೋಗ್ರಾಂಗಿಂತ ಹೆಚ್ಚು ನಿಕ್ಕಲ್ ಬಿಡಬಾರದೆಂಬ ನಿಯಮವಿದೆ.

ಬರೀ ಕಲೆಯಾದರೆ ಪರಿಹಾರ ಸರಳ. ಚರ್ಮವನ್ನು ಸೋಪಿನಿಂದ ತೊಳೆದು, ಒಡವೆಯನ್ನು ಒರೆಸಿ ಒಣಗಿಸಬೇಕು. ಸ್ನಾನ, ಪಾತ್ರೆ ತೊಳೆಯುವಿಕೆ, ಹೊಲದ ಕೆಲಸದ ವೇಳೆ ತೆಗೆದಿಡುವುದು ಲೇಸು. ಪೌಡರು, ಅತ್ತರು ಆರಿದ ಮೇಲೆ ತೊಡಬೇಕು. ಒಳಮೈಗೆ ಬಣ್ಣವಿಲ್ಲದ ಉಗುರು ಬಣ್ಣ ಬಳಿದರೆ ಕೆಲವು ದಿನ ತಡೆಯುತ್ತದೆ. ಸವೆದಾಗ ಮತ್ತೆ ಬಳಿಯಬೇಕು. ಅಜ್ಜಿಯರ ಕಾಲದ ಹುಣಸೆಹಣ್ಣಿನ ತಿಕ್ಕಾಟ ಹಿತ್ತಾಳೆ ಪಾತ್ರೆಗೆ ಸರಿ, ಲೇಪದ ಸರಕ್ಕಲ್ಲ. ಹುಳಿ ಲೇಪವನ್ನೇ ಕೆಡಿಸುತ್ತದೆ. ತುರಿಕೆ ಇದ್ದರೆ ಮಾತ್ರ ಈ ಯಾವ ಉಪಾಯವೂ ಬೇಡ. ಒಡವೆ ಕಳಚಿಟ್ಟು ಚರ್ಮರೋಗ ತಜ್ಞರ ಬಳಿ ಹೋಗಬೇಕು, ಹೋಗುವಾಗ ಆ ಒಡವೆಯನ್ನೂ ಅದರ ರಸೀದಿಯನ್ನೂ ಜೊತೆಗೆ ಒಯ್ಯಬೇಕು.