ರಾಯಭಾರಿಗಳಲ್ಲದವರ ಪ್ರಣಾಳಿಕೆ

ನಾವು ಮೈಸೂರು, ಬೆಂಗಳೂರುಗಳ ಕೆಲವು ಮೇಷ್ಟರು, ನರ್ಸುಗಳು, ಗೃಹಿಣಿಯರು, ಪಿಂಚಣಿದಾರರು; ಜೊತೆಗೆ ಇಲ್ಲಿ ಓದಲು ಬಂದು ಊರಿಗೆ ಮರಳಲಾಗದೆ ಉಳಿದ ಅಫ್ಘನ್ ವಿದ್ಯಾರ್ಥಿಗಳು. ಬಳಗಕ್ಕೆ ಹೆಸರಿಟ್ಟಿಲ್ಲ, ಇಡುವುದೂ ಇಲ್ಲ. ನಮ್ಮ ಕೆಲಸದ ಅರ್ಧ ಪಾಲು ನಡೆಯುವುದು ಕಾಬೂಲು, ಹೆರಾತ್‌ಗಳ ಮನೆಗಳೊಳಗೆ. ಇಲ್ಲಿ ನಾವು ಬೋರ್ಡು ತಗುಲಿಸಿ ಮೆರೆದರೆ ಅಲ್ಲಿ ಯಾರದೋ ಮನೆಯ ಕದ ಬಡಿಯುತ್ತಾರೆ.

ಭಾರತ ಆ ದೇಶಕ್ಕೆ ಮಾಡಿದ್ದು ಕಡಿಮೆಯೇನಲ್ಲ. ಜರಂಜ್‌ನಿಂದ ದೆಲಾರಾಮ್‌ವರೆಗೆ 218 ಕಿ.ಮೀ. ರಸ್ತೆ, ಹೆರಾತ್ ಪ್ರಾಂತ್ಯದ ಸಲ್ಮಾ ಅಣೆಕಟ್ಟು, ಕಾಬೂಲಿನಲ್ಲಿ ಸಂಸತ್ ಭವನ. 2021ರ ಆಗಸ್ಟ್‌ನಲ್ಲಿ ತಾಲಿಬಾನ್ ಬಂದ ಮೇಲೆ ಭವನ ಉಳಿಯಿತು, ಸಂಸತ್ತು ಹೋಯಿತು. ಅದೇ ತಿಂಗಳು ನಮ್ಮ ಸರ್ಕಾರ ಅಫ್ಘನ್ನರಿಗೆ ಕೊಟ್ಟಿದ್ದ ವೀಸಾಗಳನ್ನು ರದ್ದು ಮಾಡಿತು. ಊರಿಗೆ ಹೋಗಿದ್ದ ಎಷ್ಟೋ ವಿದ್ಯಾರ್ಥಿಗಳು ಅಲ್ಲೇ ಸಿಕ್ಕಿಕೊಂಡರು. 2025ರ ಅಕ್ಟೋಬರ್‌ನಲ್ಲಿ ತಾಲಿಬಾನಿನ ವಿದೇಶಾಂಗ ಮಂತ್ರಿ ದೆಹಲಿಗೆ ಬಂದಾಗ ಮೊದಲ ಪತ್ರಿಕಾಗೋಷ್ಠಿಗೆ ಪತ್ರಕರ್ತೆಯರಿಗೆ ಪ್ರವೇಶವಿರಲಿಲ್ಲ. ಗದ್ದಲವೆದ್ದ ಮೇಲಷ್ಟೇ ಇನ್ನೊಂದು ಗೋಷ್ಠಿ ಕರೆದು ಅವರನ್ನೂ ಕೂರಿಸಿದರು. ಸರ್ಕಾರಗಳು ಸರ್ಕಾರಗಳೊಡನೆ ಮಾತಾಡಲಿ, ಆಡಲೇಬೇಕು. ಅಲ್ಲಿ ಯಾರನ್ನು ಹೊರಗಿಟ್ಟಿದ್ದಾರೋ ಅವರೊಡನೆ ಮಾತು ನಮ್ಮದು.

ಆರನೇ ತರಗತಿಯ ನಂತರ ಅಲ್ಲಿ ಹುಡುಗಿಯರಿಗೆ ಶಾಲೆಯಿಲ್ಲ. 2022ರ ಡಿಸೆಂಬರ್‌ನಲ್ಲಿ ವಿಶ್ವವಿದ್ಯಾಲಯಗಳ ಬಾಗಿಲು ಮುಚ್ಚಿತು, ಮರುವರ್ಷ ಬ್ಯೂಟಿ ಪಾರ್ಲರ್‌ಗಳಿಗೆ ಬೀಗ ಬಿತ್ತು, 2024ರ ಕೊನೆಗೆ ನರ್ಸಿಂಗ್ ಮತ್ತು ಹೆರಿಗೆ ತರಬೇತಿಯೂ ನಿಂತಿತು. ನಾಳೆ ಆ ದೇಶದಲ್ಲಿ ಹೆರಿಗೆ ಮಾಡಿಸುವವರು ಯಾರು? ಇಷ್ಟೆಲ್ಲದರ ನಡುವೆಯೂ ಓಣಿಯ ತಂದೂರಿನಲ್ಲಿ ಬೆಳಗಿನ ನಾನ್ ಬೇಯುತ್ತದೆ, ಮಗುವಿಗೆ ಜ್ವರ ಬರುತ್ತದೆ, ನೆಂಟರ ಮನೆಯ ಮದುವೆಗೆ ಸಾಲ ಹುಟ್ಟಿಸಬೇಕಾಗುತ್ತದೆ. ಬಂದೂಕು ಹಿಡಿದವರನ್ನು ಟಿ.ವಿ. ಬೇಕಾದಷ್ಟು ತೋರಿಸಿದೆ. ನಮಗೆ ಈ ಸಂಸಾರಸ್ಥರ ಪರಿಚಯ ಬೇಕು.

ಎತ್ತಣ ನಂಟು ಎನ್ನುವವರು ಒಗ್ಗರಣೆ ಡಬ್ಬಿ ತೆರೆದು ನೋಡಲಿ. ಇಂಗು ತೆಂಗು ಇದ್ದರೆ ಮಂಗನೂ ಅಡುಗೆ ಮಾಡುತ್ತದೆ ಎನ್ನುವ ನಮ್ಮ ಇಂಗಿನ ದೊಡ್ಡ ಪಾಲು ಅಫ್ಘಾನಿಸ್ತಾನದ ಗುಡ್ಡಗಳಲ್ಲಿ ಬೇರು ಕೊಯ್ದು ಇಳಿಸಿದ ಅಂಟು. (ತೆಂಗು ನಮ್ಮದೇ, ಬಿಡಿ.) ಅಫ್ಘಾನಿಸ್ತಾನ ತನ್ನ ಮೊಟ್ಟಮೊದಲ ಟೆಸ್ಟ್ ಆಡಿದ್ದೂ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ, 2018ರ ಜೂನ್‌ನಲ್ಲಿ. ಎರಡೇ ದಿನಕ್ಕೆ ಸೋತರು. ಗೆದ್ದ ನಾಯಕ ರಹಾನೆ ಸೋತವರನ್ನೂ ಕರೆದು, ಟ್ರೋಫಿಯೊಂದಿಗೆ ಒಟ್ಟಿಗೆ ಫೋಟೊ ತೆಗೆಸಿಕೊಂಡರು.

ನಾವು ಫೋನಿನಲ್ಲಿ ಪಾಠ ಹೇಳುತ್ತೇವೆ: ಗಣಿತ, ಜೀವಶಾಸ್ತ್ರ, ಇಂಗ್ಲಿಷ್. 2025ರ ಸೆಪ್ಟೆಂಬರ್ ಕೊನೆಗೆ ಇಡೀ ದೇಶದ ಇಂಟರ್‌ನೆಟ್ಟನ್ನೇ ಕಿತ್ತುಹಾಕಿದ್ದರಿಂದ ವಿಡಿಯೊ ನಂಬುವಂತಿಲ್ಲ; ಪಾಠಗಳು ಪುಟ್ಟ ಧ್ವನಿಮುದ್ರಿಕೆಗಳಾಗಿ ಮೊದಲೇ ತಲುಪಿರಬೇಕು. ದರಿ, ಪಶ್ತೊಗೆ ತರುವವರು ನಮ್ಮ ನಡುವಿನ ಅಫ್ಘನ್ ವಿದ್ಯಾರ್ಥಿಗಳು. ಅವರಿಗೆ ಸಂಬಳ ಕೊಡುತ್ತೇವೆ. ಪುಕ್ಕಟೆ ದುಡಿಸಿಕೊಂಡು ಸ್ನೇಹ ಎನ್ನುವ ಚಾಳಿ ನಮಗೆ ಬೇಡ. ಹೆಸರು ಕೇಳಿದೊಡನೆ ‘ಮನೆ ಖಾಲಿ ಇಲ್ಲ’ ಎನ್ನುವ ನಮ್ಮದೇ ಬೀದಿಗಳಲ್ಲಿ ಅವರ ಬಾಡಿಗೆ ಕರಾರಿಗೆ ಜಾಮೀನು ನಿಲ್ಲುತ್ತೇವೆ. ಈ ಕೆಲಸ ಪಾಠಕ್ಕಿಂತ ಕಷ್ಟದ್ದು, ಅದಕ್ಕೇ ಮೊದಲು ಶುರುವಾಗಬೇಕಾದದ್ದು.

ಉದ್ಧಾರ ಮಾಡಲು ಹೊರಟಿಲ್ಲ. ನಮ್ಮ ಜಿಲ್ಲೆಗಳಲ್ಲೂ ಹತ್ತನೇ ತರಗತಿ ಮುಗಿಯುವ ಮೊದಲೇ ತಾಳಿ ಬಿದ್ದ ಹುಡುಗಿಯರಿದ್ದಾರೆ. ಆ ಮಾತನ್ನು ಅಫ್ಘನ್ನರು ಎತ್ತಿದರೆ ಕೂತು ಕೇಳುತ್ತೇವೆ. ಕಲಿಯುವವರ ಫೋಟೊ ತೆಗೆಯುವುದಿಲ್ಲ, ಊರು ಕೇಳುವುದಿಲ್ಲ. ಧರ್ಮ ತಿದ್ದುವ ಉಮೇದಿನವರು ಬೇರೆ ಬಳಗ ನೋಡಿಕೊಳ್ಳಲಿ.

ಸೇರುವವರಿಗೆ ಶುಲ್ಕವಿಲ್ಲ, ವಾರಕ್ಕೆ ಎರಡು ಗಂಟೆ ಕೊಟ್ಟರೆ ಸಾಕು. ಕಾಬೂಲಿನ ಗಡಿಯಾರ ನಮ್ಮದಕ್ಕಿಂತ ಒಂದು ಗಂಟೆ ಹಿಂದೆ. ಅಲ್ಲಿ ಮನೆಗೆಲಸ ಮುಗಿದು ನಾಲ್ಕಕ್ಕೆ ಬಿಡುವಾಗುತ್ತದಂತೆ. ಐದಕ್ಕೆ ನೀವು ಫೋನಿನ ಹತ್ತಿರ ಇರಬೇಕು.